ಅತಿ ದೊಡ್ಡದೆಂಬ ಹೆಸರಿನ ಸಣ್ಣ ದ್ವೀಪ

ಗ್ರೀಸ್ ಎಂದರೆ ಈಗ ನಮ್ಮ ಮಕ್ಕಳ ಕಣ್ಣಿಗೆ ಬರುವುದು ಸಾಂಟೊರಿನಿಯ ಬಿಳಿ ಮನೆಗಳು, ನೀಲಿ ಗುಮ್ಮಟಗಳು. ಗೋಡೆಯ ಕ್ಯಾಲೆಂಡರಿನಲ್ಲೂ ಅದೇ, ಮೊಬೈಲಿನಲ್ಲೂ ಅದೇ. ನಾನು ಹೇಳಹೊರಟ ದ್ವೀಪಕ್ಕೆ ಅಷ್ಟು ಜನ ಹೋಗುವುದಿಲ್ಲ. ಅದರ ಹೆಸರು ಕಾಸ್ಟೆಲೊರಿಜೊ. ರೋಡ್ಸ್ ದ್ವೀಪದಿಂದ ಪೂರ್ವಕ್ಕೆ ಸುಮಾರು 125 ಕಿ.ಮೀ. ದೂರ, ತುರ್ಕಿಯ ಕರಾವಳಿಯಿಂದ ಬರೇ ಎರಡು ಕಿ.ಮೀ. ಆಚೆ ದಡದ ಕಾಶ್ ಎಂಬ ಪೇಟೆಯ ದೀಪಗಳು ರಾತ್ರಿ ಇಲ್ಲಿಂದ ಚೆನ್ನಾಗಿ ಕಾಣುತ್ತವೆ. ಸರಕಾರಿ ದಾಖಲೆಯಲ್ಲಿ ದ್ವೀಪದ ಹೆಸರು ಮೆಗಿಸ್ತಿ, ಅಂದರೆ ‘ಅತಿ ದೊಡ್ಡದು’. ಇರುವುದು ಸುಮಾರು 9 ಚದರ ಕಿ.ಮೀ. ಮಾತ್ರ! ಸುತ್ತಲಿನ ಬಂಡೆಯಂಥ ಕಿರುದ್ವೀಪಗಳ ನಡುವೆ ಇದೇ ದೊಡ್ಡದು ಎಂಬುದಷ್ಟೇ ಲೆಕ್ಕ.

ರಜೆಗೆ ಹೋದವರಿಗೆ ಮೊದಲು ಕಾಣುವುದು ಬಂದರಿನ ಸುತ್ತ ಸಾಲಾಗಿ ನಿಂತ ಎರಡಂತಸ್ತಿನ ಮನೆಗಳು. ಹಳದಿ, ಗುಲಾಬಿ, ನೀಲಿ ಬಣ್ಣ, ಮರದ ಉಪ್ಪರಿಗೆ, ಕೆಂಪು ಹಂಚು. ಮನೆಯ ಮೆಟ್ಟಿಲಿಂದ ನಾಲ್ಕು ಹೆಜ್ಜೆ ಇಟ್ಟರೆ ಕಡಲು. ‘ಎಂಥಾ ಶಾಂತಿ ಮಾರಾಯ್ರೆ’ ಎನ್ನುವಂಥ ಜಾಗ. ಆದರೆ ಆ ಮೊದಲ ಸಾಲನ್ನು ದಾಟಿ ಹಿಂದಿನ ಓಣಿಗಳಿಗೆ ಹೋಗಬೇಕು. ಅಲ್ಲಿ ಮಾಡಿಲ್ಲದ ಗೋಡೆಗಳು, ಕಾಡು ಗಿಡ ಬೆಳೆದ ಖಾಲಿ ಅಡಿಸ್ಥಳಗಳು ಉಂಟು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಲ್ಲಿ ಸುಮಾರು ಹತ್ತು ಸಾವಿರ ಜನ ಇದ್ದರು ಎಂದು ಅಂದಾಜು. ಈಗ 500 ಚಿಲ್ಲರೆ. ಪ್ರವಾಸಿಗಳು ಮೆಚ್ಚುವ ಶಾಂತಿ ಬಂದದ್ದು ಹೀಗೆ.

ನದಿಯಿಲ್ಲ, ದೊಡ್ಡ ಗದ್ದೆಯಿಲ್ಲ. ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟು ಬದುಕಿದ ಊರು ಇದು. ಇಂಥ ಬರಡು ಬಂಡೆಯ ಮೇಲೆ ಹತ್ತು ಸಾವಿರ ಜನ ಬದುಕಿದ್ದು ಹೇಗೆ? ಹಡಗಿನಿಂದ. ಇಲ್ಲಿನವರ ಹಾಯಿಹಡಗುಗಳು ಎದುರಿನ ಅನಾತೋಲಿಯಾದ ಕಾಡುಗಳಿಂದ ಮರ, ಇದ್ದಿಲು ತುಂಬಿಕೊಂಡು ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋಗುತ್ತಿದ್ದವು. ಕಡಲ ತಳದಿಂದ ಸ್ಪಂಜು ತೆಗೆಯುವವರೂ ಇದ್ದರು. ಹೊಲ, ತೋಟ, ಆಡುಗಳ ಮೇವು ಎಲ್ಲ ಆಚೆ ದಡದಲ್ಲಿ. ಆಗ ಎರಡೂ ದಡ ಒಬ್ಬನೇ ಸುಲ್ತಾನನ ಆಳ್ವಿಕೆಯಲ್ಲಿದ್ದುದರಿಂದ ನಡುವಿನ ನೀರು ಗಡಿಯಾಗಿರಲಿಲ್ಲ, ದಾರಿಯಾಗಿತ್ತು. 1835ರಲ್ಲಿ ಕಟ್ಟಿದ ಸಂತ ಕಾನ್‌ಸ್ಟಂಟೈನ್ ಮತ್ತು ಹೆಲೆನಾ ಚರ್ಚಿನ ಕಲ್ಲುಕಂಬಗಳನ್ನು ಎದುರು ಕರಾವಳಿಯ ಪಟಾರಾದಲ್ಲಿದ್ದ ಅಪೊಲೊ ದೇಗುಲದಿಂದ ತಂದದ್ದು ಎಂದು ಹೇಳುತ್ತಾರೆ. ಬಂದರಿನ ಬಾಯಲ್ಲಿ ಹದಿನೆಂಟನೇ ಶತಮಾನದ ಮಸೀದಿಯೂ ಉಂಟು. ಮನೆ ಒಂದು ರಾಜ್ಯದಲ್ಲಿ, ತೋಟ ಇನ್ನೊಂದರಲ್ಲಿ ಆದರೆ ಏನೇನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇವರಿಗೆ ಅದು ಎರಡು ದೇಶಗಳಾಗಿಬಿಟ್ಟಿತು.

1913ರ ಮಾರ್ಚಿನಲ್ಲಿ ದ್ವೀಪದವರು ತುರ್ಕಿ ಅಧಿಕಾರಿಗಳನ್ನು ಹೊರಗಟ್ಟಿ, ತಾವು ಗ್ರೀಸಿಗೆ ಸೇರಿದವರೆಂದು ಸಾರಿದರು. ಕೇಳಿದ್ದು ಗ್ರೀಸ್, ಬಂದವರು ಬೇರೆ. 1915ರ ಡಿಸೆಂಬರಿನಲ್ಲಿ ಮಹಾಯುದ್ಧದ ನಡುವೆ ಫ್ರೆಂಚ್ ನೌಕಾಪಡೆ ಬಂದು ಇಳಿಯಿತು. ಆಚೆ ದಡದಿಂದ ತುರ್ಕಿಯ ಫಿರಂಗಿಗಳು ಗುಂಡು ಹಾರಿಸಿದವು. 1917ರ ಜನವರಿಯಲ್ಲಿ ಬೆನ್-ಮೈ-ಕ್ರೀ ಎಂಬ ಬ್ರಿಟಿಷರ ವಿಮಾನವಾಹಕ ಹಡಗು ಇದೇ ಬಂದರಿನಲ್ಲಿ ಹೊತ್ತಿ ಮುಳುಗಿತು. 1921ರಲ್ಲಿ ಫ್ರೆಂಚರು ಹೋಗಿ ಇಟಲಿಯವರು ಬಂದರು. 1923ರ ಲೊಸಾನ್ ಒಪ್ಪಂದದ ಜನ ವಿನಿಮಯದಲ್ಲಿ ಆಚೆ ದಡದ ಗ್ರೀಕರೆಲ್ಲ ಊರು ಬಿಡಬೇಕಾಯಿತು. ತೋಟ ಹೋಯಿತು, ಕಾಡಿನ ವ್ಯಾಪಾರ ಹೋಯಿತು. ಉಗಿಹಡಗುಗಳೆದುರು ಹಾಯಿಹಡಗುಗಳಿಗೆ ಕೆಲಸವೂ ಇಲ್ಲವಾಯಿತು. 1926ರಲ್ಲಿ ಭೂಕಂಪ ಬೇರೆ. ಜನ ಆಸ್ಟ್ರೇಲಿಯದ ಪರ್ತ್, ಸಿಡ್ನಿಗಳಿಗೆ ಸಂಸಾರ ಸಮೇತ ಹೊರಟರು. ಇದ್ದವರ ಮಕ್ಕಳಿಗೆ ಶಾಲೆಯಲ್ಲಿ ಇಟಾಲಿಯನ್ ಭಾಷೆ. 1937ರ ಹೊತ್ತಿಗಂತೂ ಈ ದ್ವೀಪಗಳ ಶಾಲೆಗಳಲ್ಲಿ ಗ್ರೀಕ್ ಕಲಿಸುವುದನ್ನೇ ಅದುಮಿದರು. ಮನೆಯೊಳಗಿನ ಮಾತು ಮಾತ್ರ ಗ್ರೀಕಾಗಿಯೇ ಉಳಿಯಿತು.

ಉಳಿದವರ ಕತೆ ಇನ್ನೂ ಕಠಿಣ. 1943ರಲ್ಲಿ ಇಟಲಿ ಶರಣಾದ ಮೇಲೆ ಬ್ರಿಟಿಷರು ಬಂದರು, ಬೆನ್ನಿಗೇ ಜರ್ಮನ್ ವಿಮಾನಗಳ ಬಾಂಬು. ಜನರನ್ನು ಹಡಗು ಹತ್ತಿಸಿ ಮೊದಲು ಸೈಪ್ರಸ್ಸಿಗೆ, ಆಮೇಲೆ ಗಾಜಾದ ನುಸೈರಾತ್ ಶಿಬಿರಕ್ಕೆ ಸಾಗಿಸಿದರು. ಅವರು ಡೇರೆಗಳಲ್ಲಿದ್ದಾಗಲೇ, 1944ರ ಜುಲೈಯಲ್ಲಿ, ಊರಿನಲ್ಲಿ ಇಂಧನದ ಉಗ್ರಾಣಕ್ಕೆ ಬೆಂಕಿ ಹತ್ತಿ ಮನೆಗಳ ಸಾಲುಸಾಲೇ ಸುಟ್ಟುಹೋಯಿತು. ಯುದ್ಧ ಮುಗಿದು, 1945ರ ಸೆಪ್ಟೆಂಬರ್ 29ರಂದು ಸುಮಾರು 500 ಮಂದಿ ಪೋರ್ಟ್ ಸೈದಿನಿಂದ ‘ಎಂಪೈರ್ ಪ್ಯಾಟ್ರೋಲ್’ ಹಡಗಿನಲ್ಲಿ ಊರಿಗೆ ಹೊರಟರು. ಬಂದರು ಬಿಟ್ಟು ಸ್ವಲ್ಪವೇ ದೂರ ಹೋಗುವಷ್ಟರಲ್ಲಿ ಹಡಗಿಗೆ ಬೆಂಕಿ. 33 ಜನ ಸತ್ತರು. ಬದುಕಿ ಊರು ಮುಟ್ಟಿದವರು ಕಂಡದ್ದು ಕರಿ ಗೋಡೆಗಳನ್ನು. ಗ್ರೀಸಿಗೆ ಸೇರುವ ಆಸೆ ಅಧಿಕೃತವಾಗಿ ಈಡೇರಿದ್ದು 1948ರ ಮಾರ್ಚ್ 7ಕ್ಕೆ. ಅಷ್ಟರಲ್ಲಿ ಸೇರಲು ಉಳಿದಿದ್ದ ಜನ ಕೆಲವು ನೂರು.

ಪಕ್ಕದ ರೋ ಎಂಬ ಬಂಡೆದ್ವೀಪದಲ್ಲಿ ದೆಸ್ಪಿನಾ ಅಹ್ಲಾಡಿಯೋಟಿ ಎಂಬಾಕೆ ವರ್ಷಗಟ್ಟಲೆ, ದಿನಾ ಬೆಳಿಗ್ಗೆ ಗ್ರೀಕ್ ಬಾವುಟ ಏರಿಸುತ್ತಿದ್ದಳು. ಆಕೆ ತೀರಿಹೋದದ್ದು 1982ರಲ್ಲಿ. ಏಥೆನ್ಸಿನ ದೊಡ್ಡವರಿಗೆ ಈ ದ್ವೀಪ ಬೇಕಾಗುವುದು ಇಂಥ ಬಾವುಟಕ್ಕೆ ಎಂದು ನನಗನಿಸುತ್ತದೆ. 2010ರ ಏಪ್ರಿಲಿನಲ್ಲಿ ಪ್ರಧಾನಿ ಪಪಾಂಡ್ರೆಯು, ದೇಶದ ಸಾಲ ತೀರಿಸಲು ಹೊರಗಿನ ನೆರವು ಕೇಳುತ್ತೇವೆಂದು ಘೋಷಿಸಿದ್ದೂ ಇದೇ ಬಂದರಿನ ಚೆಂದದ ಮನೆಗಳನ್ನು ಬೆನ್ನಿಗಿಟ್ಟುಕೊಂಡು.

ಆ ಮನೆಗಳಿಗೆ ಮತ್ತೆ ಬಣ್ಣ ಬಂದುದರಲ್ಲಿ ಆಸ್ಟ್ರೇಲಿಯಕ್ಕೆ ಹೋದವರ ಮೊಮ್ಮಕ್ಕಳ ಪಾಲು ದೊಡ್ಡದು. ಬೇಸಿಗೆಯಲ್ಲಿ ಅವರು ಬರುತ್ತಾರೆ, ಬೀಗ ತೆಗೆಯುತ್ತಾರೆ. ಬೀದಿಯಲ್ಲಿ ಆಸ್ಟ್ರೇಲಿಯದ ಇಂಗ್ಲಿಷು ಕೇಳಿಸುತ್ತದೆ. ಹೋಗುವವರು ನೀಲಿ ಗುಹೆಯನ್ನು ಹೇಗೂ ನೋಡುತ್ತಾರೆ. ದ್ವೀಪಕ್ಕೆ ಹೆಸರು ಕೊಟ್ಟ ಕೆಂಪು ಕೋಟೆಯ ಬುಡದಲ್ಲಿ, ಬಂಡೆಯಲ್ಲಿ ಕೊರೆದ ಲಿಸಿಯನ್ ಗೋರಿಯನ್ನೂ ನೋಡಬೇಕು. ಆಚೆ ದಡದ ಉದ್ದಕ್ಕೂ ಅಂಥವೇ ಗೋರಿಗಳು ಉಂಟು, ಒಂದೇ ಜನರ ಕೆಲಸ.

ಕಾಶ್‌ಗೆ ದೋಣಿಯಲ್ಲಿ ಅರ್ಧ ಗಂಟೆಯೂ ಬೇಡ. ದ್ವೀಪದವರು ತರಕಾರಿ ತರಲು ಅಲ್ಲಿಗೆ ಹೋಗುವುದುಂಟು. ನಮ್ಮ ಪಾಸ್‌ಪೋರ್ಟಿನವರು ಮಾತ್ರ ದೋಣಿ ಹತ್ತುವ ಮುಂಚೆ ನೋಡಿಕೊಳ್ಳಬೇಕು: ತುರ್ಕಿಗೆ ಬೇರೆಯೇ ವೀಸಾ ಬೇಕು, ಗ್ರೀಸಿನ ವೀಸಾ ಒಂದೇ ಪ್ರವೇಶದ್ದಾಗಿದ್ದರೆ, ಆಚೆ ದಡ ಮುಟ್ಟಿದವರು ಆ ಎರಡು ಕಿಲೋಮೀಟರು ವಾಪಸು ಬರುವ ಹಾಗಿಲ್ಲ.