ಕಪ್ಪು ಅಂಗಿಯೊಳಗೆ ಸೈತಾನ ಇದ್ದಾನಾ?

ಹಂದನಕೆರೆಯಲ್ಲಿ ದೊಡ್ಡಪ್ಪನ ಮನೆ. ತಲೆ ಮೇಲೆ ಅಟ್ಟದ ತುಂಬಾ ಕೊಬ್ಬರಿ. ಕಾಫಿ ಕೈಗಿಟ್ಟು ದೊಡ್ಡಪ್ಪ ಮೆಲ್ಲಗೆ ಕೇಳಿದರು: "ಲೋ, ಮೊಮ್ಮಗ ಬೆಂಗಳೂರಿಂದ ಬಂದವ್ನೆ. ಕರೀ ಅಂಗಿ, ಅದರ ಮೇಲೆ ಬುರುಡೆ. ಕಿವೀಲಿ ಯಾರನ್ನೋ ಕೊಲ್ತಿರೋ ಹಂಗೆ ಕೂಗಾಟ. ಸೈತಾನನ ಪೂಜೆ ಮಾಡೋರು ಹಿಂಗೇ ಇರ್ತಾರೆ ಅಂತ ನಿಮ್ಮ ಟೀವೀಲೇ ಬಂದಿತ್ತಲ್ಲೋ?"

ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಹೌದು, ಬಂದಿತ್ತು. ಓದಿದ್ದು ನಾನೇ.

ಹಾಗಾದ್ರೆ ಸೈತಾನನ ಕಥೆ ಸುಳ್ಳಾ? ಪೂರ್ತಿ ಸುಳ್ಳಲ್ಲ ಸ್ವಾಮಿ. ಬ್ಲ್ಯಾಕ್ ಮೆಟಲ್ ಅನ್ನೋ ಹೆಸರು ಬಂದಿದ್ದು ಇಂಗ್ಲೆಂಡಿನ ವೆನಮ್ ತಂಡದ 1982ರ ಆಲ್ಬಂನಿಂದ. ಅವರಿಗೆ ಸೈತಾನ ಬರೀ ವೇಷ. ನಾರ್ವೆಯ ಕೆಲವು ಹುಡುಗರು ಆ ವೇಷವನ್ನೇ ನಿಜ ಮಾಡಲು ಹೊರಟರು. ಮೇಹೆಮ್ ತಂಡದ ಗಿಟಾರ್ ವಾದಕ ಯೂರೊನಿಮಸ್ 1991ರಲ್ಲಿ ಓಸ್ಲೊದಲ್ಲಿ ಕ್ಯಾಸೆಟ್, ರೆಕಾರ್ಡ್ ಮಾರುವ ಅಂಗಡಿ ತೆರೆದ. ಅದರ ಹೆಸರು ಹೆಲ್ವೆಟೆ, ಅಂದರೆ ನರಕ.

1992ರ ಜೂನ್ 6ರಂದು ಬರ್ಗೆನ್ ಬಳಿಯ ಫಾಂಟಾಫ್ಟ್ ಚರ್ಚ್ ಸುಟ್ಟು ಬೂದಿಯಾಯಿತು. ಪೂರ್ತಿ ಮರದ್ದು, ನಮ್ಮ ಬಸವಣ್ಣನವರ ಕಾಲದ್ದು. ಆಗಸ್ಟ್‌ನಲ್ಲಿ ಎಂಪರರ್ ತಂಡದ ಡ್ರಮ್ ವಾದಕ ಲಿಲ್ಲೆಹ್ಯಾಮರ್‌ನಲ್ಲಿ ಅಪರಿಚಿತ ಸಲಿಂಗಿಯೊಬ್ಬನನ್ನು ಇರಿದು ಕೊಂದ. 1993ರ ಆಗಸ್ಟ್ 10ರಂದು ಯೂರೊನಿಮಸ್‌ನನ್ನೇ ಆತನ ಸಹವಾದಕ ವಾರ್ಗ್ ವಿಕರ್ನೆಸ್ ಕೊಂದ. ಆ ಕೊಲೆಗೂ ಚರ್ಚ್‌ಗಳಿಗೆ ಬೆಂಕಿ ಇಟ್ಟಿದ್ದಕ್ಕೂ ಸೇರಿ 21 ವರ್ಷ ಜೈಲು.

ಈಗ ನಮ್ಮ ಕಸುಬಿನ ಪಾಲು ಕೇಳಿ. 1993ರ ಜನವರಿಯಲ್ಲಿ ಬರ್ಗೆನ್ಸ್ ಟಿಡೆಂಡೆ ಪತ್ರಿಕೆ, ಚರ್ಚ್ ಸುಟ್ಟಿದ್ದು ನಾವೇ ಅಂತ ಕೊಚ್ಚಿಕೊಂಡವನ ಸಂದರ್ಶನವನ್ನು ಹೆಸರಿಲ್ಲದೆ ಛಾಪಿಸಿತು. ಮಾರ್ಚ್‌ನಲ್ಲಿ ಬ್ರಿಟನ್ನಿನ ಕೆರಾಂಗ್ ಅವರನ್ನು ಮುಖಪುಟಕ್ಕೇ ತಂದಿತು. ಹಿಡಿಯಷ್ಟು ಹುಡುಗರು ಜಗತ್ಪ್ರಸಿದ್ಧರಾದರು. ಅವರಿಗೆ ಬೇಕಾಗಿದ್ದೂ ಅದೇ.

ಆಮೇಲೆ? ಸೈತಾನ ಹೋದ, ದ್ವೇಷ ಉಳೀತು. 2009ರಲ್ಲಿ ಹೊರಬಂದ ವಿಕರ್ನೆಸ್‌ಗೆ 2014ರಲ್ಲಿ ಫ್ರಾನ್ಸ್‌ನ ನ್ಯಾಯಾಲಯ ಶಿಕ್ಷೆ ಕೊಟ್ಟಿದ್ದು ಸೈತಾನನ ಪೂಜೆಗಲ್ಲ, ಜನಾಂಗ ದ್ವೇಷ ಕೆರಳಿಸಿದ್ದಕ್ಕೆ. ನಮ್ಮ ಕ್ಯಾಮೆರಾ ಕೊಂಬು, ಬುರುಡೆ ಹುಡುಕುತ್ತಾ ಇತ್ತು. ವಿಷ ಬೇರೆ ಕಡೆ ಇತ್ತು.

ಇನ್ನು ಬೆಂಗಳೂರು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ಹಾಡಿದಾಗ ಕಪ್ಪು ಅಂಗಿಗಳ ಸಮುದ್ರವೇ ಸೇರಿತ್ತು. ನಮ್ಮೂರಿನದೇ ಡೆತ್ ಮೆಟಲ್ ತಂಡವೊಂದು ಹುಟ್ಟಿತು. ಹಾಡಿದ್ದು ಕನ್ನಡದಲ್ಲಿ. ತಂಡದ ಹೆಸರು ದ್ವೇಷ! ಹೆಸರು ನೋಡಿ ತೀರ್ಪು ಕೊಡೋದಾದ್ರೆ, ಹಾಡು ಕೇಳೋ ಮೊದಲೇ ಸ್ಟುಡಿಯೋದಲ್ಲಿ ನ್ಯಾಯಾಲಯ ನಡೆಸಿಬಿಡ್ತೀವಿ. ರುಂಡಮಾಲೆ ಹಾಕಿದ ಕಾಳಿಗೆ, ಕಪಾಲ ಹಿಡಿದ ಭೈರವನಿಗೆ ಕೈ ಮುಗಿಯೋ ನಾವು ಅಂಗಿ ಮೇಲಿನ ಬುರುಡೆಗೆ ಹೆದರಬೇಕಾ?

ದೊಡ್ಡಪ್ಪನಿಗೆ ಇಷ್ಟೇ ಹೇಳಿದೆ: "ಅಂಗಿ ಬಣ್ಣ ಬಿಡಿ. ಅವನ ಜೊತೆ ಕೂತು ಮಾತಾಡಿ. ಇಂಥ ಜಾತಿಯವರು, ಇಂಥ ಧರ್ಮದವರು ಬದುಕಬಾರದು ಅಂತ ಯಾವತ್ತಾದರೂ ಅಂದನಾ, ಆವತ್ತು ಹೆದರಿ."

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಅಂಥ ಮಾತು ಅವನ ಬಾಯಲ್ಲಿ ಕೇಳಿಲ್ಲಪ್ಪ. ರಾತ್ರಿ ಒಂಬತ್ತಕ್ಕೆ ನಿಮ್ಮ ಟೀವೀಲಿ ಕೇಳಿದೀನಿ."