ರಸ್ತೆಯ ಬದಿಯ ಗಡಿಯಾರ

ಪರದೇಶಕ್ಕೆ ಹೋದವನಿಗೆ ಅಲ್ಲಿನ ಊಟ, ಚಳಿ, ಮಾತಿನ ಧಾಟಿ ಇವೆಲ್ಲ ನಾಲ್ಕು ದಿನದಲ್ಲಿ ರೂಢಿಯಾಗಿಬಿಡುತ್ತವೆ. ಬೇಗ ರೂಢಿಯಾಗದೆ ಕಾಡುವುದು ಬೀದಿಯಲ್ಲಿ ಮೋಟಾರು ನಿಲ್ಲಿಸುವ ಕಾನೂನು. ಕಂಬದ ಮೇಲಿನ ಹಲಗೆಯಲ್ಲಿ ಗಂಟೆ, ವಾರ, ಬಾಣದ ಗುರುತು ಎಲ್ಲವೂ ಇರುತ್ತವೆ. ಏಕೆ ಎಂಬುದು ಮಾತ್ರ ಇರುವುದಿಲ್ಲ. ಆ ‘ಏಕೆ’ ಗೊತ್ತಾಗಬೇಕಾದರೆ ಚರಿತ್ರೆಯನ್ನು ಕೇಳಬೇಕೆಂದು ನನ್ನ ಅಭಿಪ್ರಾಯ.

ಬೀದಿಯ ಹೊತ್ತನ್ನು ಹಂಚುವ ಕೆಲಸ ಮೋಟಾರಿಗಿಂತ ಬಹಳ ಹಳೆಯದು. ಕ್ರಿ. ಪೂ. ಮೊದಲನೆಯ ಶತಮಾನದ ರೋಮ್ ನಗರದಲ್ಲಿ ಹಗಲಿನ ಬಹುಭಾಗ ಬಂಡಿಗಳ ಸಂಚಾರಕ್ಕೆ ನಿಷೇಧವಿತ್ತು. ದೇವಾಲಯ ಕಟ್ಟುವ ಸಾಮಗ್ರಿಯನ್ನು ತರುವ ಗಾಡಿಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಹಗಲು ನಡೆಯುವವರದಾಯಿತು, ರಾತ್ರಿ ಚಕ್ರಗಳದಾಯಿತು.

ಮೋಟಾರು ಬಂದ ಮೇಲೆ ತೊಡಕು ಬೇರೆಯಾಯಿತು. ಓಡುವ ಗಾಡಿಗಿಂತ ನಿಂತ ಗಾಡಿಯೇ ಹೆಚ್ಚು ಉಪದ್ರವ. ಅಮೆರಿಕದ ಒಕ್ಲಹೋಮ ನಗರದಲ್ಲಿ ಕಚೇರಿಯ ನೌಕರರು ಬೆಳಿಗ್ಗೆಯೇ ಬಂದು ಅಂಗಡಿಬೀದಿಯಲ್ಲಿ ಗಾಡಿ ನಿಲ್ಲಿಸಿದರೆ ತೆಗೆಯುತ್ತಿದ್ದುದು ಸಂಜೆಗೆ. ಸಾಮಾನು ಕೊಳ್ಳಲು ಬಂದವರಿಗೆ ಜಾಗವಿಲ್ಲ. ಪೊಲೀಸರು ಟೈರಿಗೆ ಸೀಮೆಸುಣ್ಣದಿಂದ ಗುರುತು ಹಾಕಿ ಹೊತ್ತು ಲೆಕ್ಕವಿಡುತ್ತಿದ್ದರು. ಸುಣ್ಣದ ಗೆರೆಯನ್ನು ಒರೆಸಿಹಾಕುವುದು ಎಷ್ಟರ ಕೆಲಸ?

ಇದಕ್ಕೆ ಉಪಾಯ ಹುಡುಕಿದವನು ಎಂಜಿನಿಯರನಲ್ಲ, ಕಾರ್ಲ್ ಮಗೀ ಎಂಬ ಪತ್ರಿಕಾ ಸಂಪಾದಕ. ಅವನ ಕಲ್ಪನೆಗೆ ಯಂತ್ರದ ರೂಪ ಕೊಟ್ಟವರು ಆ ರಾಜ್ಯದ ಕಾಲೇಜಿನ ಪ್ರಾಧ್ಯಾಪಕ ಥ್ಯೂಸೆನ್ ಮತ್ತು ಅಲ್ಲಿಯೇ ಓದಿದ್ದ ಹೇಲ್. ೧೯೩೫ರ ಜುಲೈ ೧೬ರಂದು ಮೊದಲ ಮೀಟರು ಕೆಲಸ ಆರಂಭಿಸಿತು. ಗಂಟೆಗೆ ೫ ಸೆಂಟು. ತೆರಿಗೆ ಕೊಟ್ಟು ಕಟ್ಟಿಸಿದ ರಸ್ತೆಗೆ ಮತ್ತೆ ಬಾಡಿಗೆಯೇ ಎಂದು ಜನ ಗೊಣಗಿದರು. ಆದರೆ ಮೀಟರು ಹಾಕಿದ ಕಡೆ ಗಿರಾಕಿಗಳಿಗೆ ಜಾಗ ಸಿಕ್ಕುವುದನ್ನು ಕಂಡು, ಎದುರು ಸಾಲಿನ ಅಂಗಡಿಯವರು ತಮಗೂ ಬೇಕೆಂದರು.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿಗೆ ಮೀಟರು ಬಂದದ್ದು ೧೯೫೮ರ ಜುಲೈನಲ್ಲಿ. ಗಂಟೆಗೆ ೬ ಪೆನ್ನಿ. ಎರಡು ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ. ಹೊತ್ತು ಮುಗಿದ ಮೇಲೆ ಓಡಿಬಂದು ಮತ್ತೊಂದು ನಾಣ್ಯ ಹಾಕುವುದೂ ತಪ್ಪೇ. ಪರದೇಶದವನಿಗೆ ಅರ್ಥವಾಗದೆ ಉಳಿಯುವುದು ಈ ಅಂಶವೇ: ‘ಹಣ ಕೊಡುತ್ತೇನಲ್ಲ, ಇನ್ನೇನು?’ ಬೆಲೆ ಬೇರೆ, ಅವಧಿ ಬೇರೆ. ಬೆಲೆಯನ್ನು ಹಣವಂತ ಲೆಕ್ಕಿಸದಿರಬಹುದು; ಅವಧಿ ಮುಗಿದಾಗ ಅವನೂ ಏಳಲೇಬೇಕು. ಈ ಸಮಾನತೆಯೇ ಕಾನೂನಿನ ಜೀವಾಳವೆಂದು ನನಗೆ ತೋರುತ್ತದೆ.

ಪ್ಯಾರಿಸ್ ನಗರ ೧೯೫೭ರಲ್ಲಿ ನಾಣ್ಯವನ್ನೇ ಬಿಟ್ಟು ನೋಡಿತು. ‘ನೀಲಿ ವಲಯ’ದಲ್ಲಿ ಗಾಡಿ ನಿಲ್ಲಿಸುವವನು ತಾನು ಬಂದ ಹೊತ್ತನ್ನು ರಟ್ಟಿನ ಬಿಲ್ಲೆಯಲ್ಲಿ ತಿರುಗಿಸಿ ಗಾಜಿನ ಹಿಂದೆ ಇಡಬೇಕು. ಹಣವಿಲ್ಲ, ಯಂತ್ರವಿಲ್ಲ, ಮಾಲೀಕನ ಮಾತೇ ಸಾಕ್ಷಿ. ಇಂಥ ಬಿಲ್ಲೆ ಯೂರೋಪಿನ ಹಲವು ದೇಶಗಳಲ್ಲಿ ಇಂದಿಗೂ ಉಂಟು. ಜರ್ಮನಿಯಲ್ಲಿ ೧೦ ಗಂಟೆ ೧೦ ನಿಮಿಷಕ್ಕೆ ಬಂದವನು ಮುಂದಿನ ಅರ್ಧ ಗಂಟೆಗೆ, ಅಂದರೆ ಹತ್ತೂವರೆಗೆ, ತಿರುಗಿಸಿಡಬೇಕು. ಇಪ್ಪತ್ತು ನಿಮಿಷ ಸರಕಾರದ ಉದಾರ ದಾನ! ಆದರೆ ಗಾಡಿಯನ್ನು ಕದಲಿಸದೆ ಬಿಲ್ಲೆಯನ್ನಷ್ಟೇ ಮತ್ತೆ ತಿರುಗಿಸಿದರೆ ದಂಡ.

ಕಾನೂನಿಗೆ ಕಣ್ಣಿದ್ದರೆ ಸಾಲದು, ಕರುಳೂ ಬೇಕು. ೧೯೬೦ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಇದಕ್ಕೆಂದೇ ವಾರ್ಡನ್ನರು ನೇಮಕವಾದರು. ಅವರಿಂದ ಮೊತ್ತಮೊದಲು ದಂಡದ ಚೀಟಿ ಪಡೆದವರು, ಹೃದಯಾಘಾತವಾದ ರೋಗಿಯನ್ನು ನೋಡಲು ಹೋಟೆಲಿಗೆ ಧಾವಿಸಿದ್ದ ಒಬ್ಬ ವೈದ್ಯರು. ದಂಡ ೨ ಪೌಂಡು. ಜನ ಸಿಟ್ಟಾದರು, ಚೀಟಿ ರದ್ದಾಯಿತು. ಅವಧಿಯ ಕಾನೂನು ಜನರಿಗಾಗಿ ಹುಟ್ಟಿದ್ದೆಂಬುದನ್ನು ಮೊದಲ ದಿನವೇ ನೆನಪಿಸಬೇಕಾಯಿತು.

ಆದುದರಿಂದ ಪರಊರಿನ ಹಲಗೆಯ ಮುಂದೆ ನಿಂತವನು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು: ಈ ಜಾಗ ಯಾರಿಗೆ? ಎಷ್ಟು ಹೊತ್ತಿಗೆ? ಯಾವ ದಿನಗಳಲ್ಲಿ? ಬೆಲೆಯ ಪ್ರಶ್ನೆ ಆಮೇಲಿನದು. ನಾವು ಅಲ್ಲಿ ಕೊಳ್ಳುವುದು ನೆಲವನ್ನಲ್ಲ, ಸರದಿಯನ್ನು. ನಮ್ಮ ಹಿಂದೆ ಇನ್ನೊಬ್ಬರು ಬರುವವರಿದ್ದಾರೆಂದೇ ಆ ಹಲಗೆಯನ್ನು ನಿಲ್ಲಿಸಿರುವುದು.