ನೌರು: ಅಗೆದು ಮುಗಿಸಿದ ನೆಲದ ಮೇಲೊಂದು ದೇಶ

ಸಿಡ್ನಿಯ ಪೆಸಿಫಿಕ್ ಐಲೆಂಡ್ಸ್ ಕಂಪನಿಯ ಕಚೇರಿಯಲ್ಲಿ ಬಾಗಿಲು ಮುಚ್ಚಿಕೊಳ್ಳದಿರಲೆಂದು ಅಡ್ಡ ಇಟ್ಟಿದ್ದ ಕಲ್ಲೊಂದಿತ್ತು. ನೌರು ದ್ವೀಪದಿಂದ ಯಾರೋ ತಂದ ಕಲ್ಲು. ಹಳೆಯ ಮರ ಶಿಲೆಯಾಗಿದೆ ಎಂದೇ ಕಚೇರಿಯವರೆಲ್ಲ ನಂಬಿದ್ದರು. ಅಲ್ಲಿ ಕೆಲಸಕ್ಕಿದ್ದ ಆಲ್ಬರ್ಟ್ ಎಲ್ಲಿಸ್‌ಗೆ ಮಾತ್ರ ಅನುಮಾನ. 1899ರಲ್ಲಿ ಅವರು ಅದರ ಚೂರನ್ನು ಪರೀಕ್ಷಿಸಿ ನೋಡಿದರು. ಅದು ಮೇಲ್ದರ್ಜೆಯ ಫಾಸ್ಫೇಟ್. ಆಸ್ಟ್ರೇಲಿಯ, ನ್ಯೂಜಿಲೆಂಡಿನ ಸತ್ವವಿಲ್ಲದ ಹೊಲಗಳಿಗೆ ಬೇಕಾಗಿದ್ದ ಗೊಬ್ಬರದ ಮೂಲ.

ಭೂಮಧ್ಯರೇಖೆಗೆ ಸ್ವಲ್ಪ ದಕ್ಷಿಣಕ್ಕಿರುವ ನೌರುವಿನ ವಿಸ್ತಾರ ಬರೀ 21 ಚದರ ಕಿಲೋಮೀಟರ್. ಸುತ್ತ ತೆಂಗು ಬೆಳೆಯುವ ತೆಳ್ಳನೆಯ ಕರಾವಳಿ ಪಟ್ಟಿ, ನಡುವೆ ಎತ್ತರದ ಬಯಲು, ಒಂದೆಡೆ ಬುವಾಡ ಎಂಬ ಸರೋವರ. ಅಲ್ಲಿನವರು ಹವಳದ ದಿಬ್ಬಗಳ ಬಳಿ ಹಾಲುಮೀನಿನ ಮರಿಗಳನ್ನು ಹಿಡಿದು, ಸಿಹಿನೀರಿಗೆ ಒಗ್ಗಿಸಿ, ಬುವಾಡದಲ್ಲಿ ಸಾಕುತ್ತಿದ್ದರು. ಸರೋವರದಲ್ಲೂ ಮನೆತನಕ್ಕೊಂದು ಪಾಲು ಇತ್ತು. ನೆಲ, ನೀರು, ಮರ ಯಾವುದೂ ಒಡೆಯರಿಲ್ಲದೆ ಇರಲಿಲ್ಲ. ಕುಲಗಳು ಹನ್ನೆರಡು, ಮಕ್ಕಳು ಸೇರುವುದು ತಾಯಿಯ ಕುಲಕ್ಕೆ.

ಹೊರಗಿನವರು ತಂದ ಬಂದೂಕು ಈ ಬದುಕನ್ನು ಮೊದಲು ಕಲಕಿತು. 1878ರಿಂದ ಹತ್ತು ವರ್ಷ ಕುಲಗಳ ನಡುವೆ ಕಾದಾಟ ನಡೆಯಿತು. 1888ರಲ್ಲಿ ಜರ್ಮನಿ ದ್ವೀಪವನ್ನು ವಶಮಾಡಿಕೊಂಡು ಕೋವಿಗಳನ್ನು ಕಸಿದುಕೊಂಡಿತು. ಗಣಿಗಾರಿಕೆ ಶುರುವಾದದ್ದು 20ನೇ ಶತಮಾನದ ಮೊದಲ ದಶಕದಲ್ಲಿ. ಚೀನಾದಿಂದ ಕೂಲಿಗಳು ಬಂದರು. ಭೂಮಿಯ ಒಡೆಯನಿಗೆ ಟನ್ನಿಗೆ ಸಿಗುತ್ತಿದ್ದುದು ಅರ್ಧ ಪೆನ್ನಿ! ಮೊದಲ ಮಹಾಯುದ್ಧದ ನಂತರ ಆಸ್ಟ್ರೇಲಿಯ, ಬ್ರಿಟನ್, ನ್ಯೂಜಿಲೆಂಡ್ ಕೂಡಿ ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಎಂಬ ಸಂಸ್ಥೆ ಕಟ್ಟಿ ಗಣಿಯನ್ನು ಕೊಂಡುಕೊಂಡವು. ಜಗತ್ತಿನ ಮಾರುಕಟ್ಟೆಗಿಂತ ಕಡಿಮೆ ಬೆಲೆಗೆ ಫಾಸ್ಫೇಟ್ ತಮ್ಮ ರೈತರಿಗೆ ದಕ್ಕುವಂತೆ ನೋಡಿಕೊಂಡವು. ಅಂದರೆ ಆ ಹೊಲಗಳ ಹಸಿರಿಗೆ ಸಹಾಯಧನ ಕೊಟ್ಟವರು ನೌರುವಿನ ಜನ, ಅದೂ ಅವರನ್ನು ಯಾರೂ ಕೇಳದೆ.

1920ರಲ್ಲಿ ಇನ್‌ಫ್ಲುಯೆಂಜ ಬಂತು. ಜನಸಂಖ್ಯೆ ಸಾವಿರದ ಆಸುಪಾಸಿಗೆ ಇಳಿಯಿತು. ಒಂದು ಜನಾಂಗವಾಗಿ ಉಳಿಯಬೇಕಾದರೆ ಕನಿಷ್ಠ 1,500 ಮಂದಿಯಾದರೂ ಇರಬೇಕು ಎಂದು ಆಡಳಿತಾಧಿಕಾರಿ ಗ್ರಿಫಿತ್ಸ್ ಹೇಳಿದರು. ಆ ಸಂಖ್ಯೆ ಇಡೀ ದ್ವೀಪದ ಹರಕೆಯಾಯಿತು. 1932ರ ಅಕ್ಟೋಬರ್ 26ರಂದು ಹುಟ್ಟಿದ ಹೆಣ್ಣುಮಗು ಅದನ್ನು ತುಂಬಿಸಿತು. ಆ ದಿನವನ್ನು ಅಂಗಾಮ್ ದಿನವೆಂದು ಈಗಲೂ ಆಚರಿಸುತ್ತಾರೆ. ಹೊಸ ಜನನವೊಂದನ್ನು ರಾಷ್ಟ್ರೀಯ ಹಬ್ಬವಾಗಿಸಿಕೊಂಡ ಸಮಾಜ ಎಷ್ಟು ಹತ್ತಿರದಿಂದ ಅಳಿವನ್ನು ಕಂಡಿರಬೇಕು!

ಅದು ಮುಗಿದ ಕಥೆಯೂ ಆಗಿರಲಿಲ್ಲ. 1942ರಲ್ಲಿ ಜಪಾನೀ ಸೇನೆ ದ್ವೀಪವನ್ನು ಹಿಡಿಯಿತು. ಕುಷ್ಠರೋಗಿಗಳಾಗಿದ್ದ 39 ಜನರನ್ನು ದೋಣಿಗೆ ಹತ್ತಿಸಿ ಕಡಲಲ್ಲಿ ಮುಳುಗಿಸಿತು. ಸುಮಾರು 1,200 ಮಂದಿಯನ್ನು ದೂರದ ಟ್ರುಕ್ ದ್ವೀಪಗಳಿಗೆ ದುಡಿಯಲು ಸಾಗಿಸಿತು. ಹಸಿವು, ರೋಗ, ಬಾಂಬುಗಳನ್ನು ದಾಟಿ ಬದುಕುಳಿದ 737 ಜನ 1946ರ ಜನವರಿ 31ರಂದು ಊರು ಸೇರಿದರು. ಇಪ್ಪತ್ತೆರಡು ವರ್ಷಗಳ ನಂತರ, 1968ರಲ್ಲಿ, ನೌರು ಸ್ವತಂತ್ರವಾಗಲು ಆರಿಸಿಕೊಂಡದ್ದು ಅದೇ ಜನವರಿ 31ನ್ನು.

ಆ ಸ್ವಾತಂತ್ರ್ಯಕ್ಕೆ ಮುನ್ನ ಒಂದು ಆಮಿಷವನ್ನು ಅವರು ನಿರಾಕರಿಸಿದ್ದರು. ಫಾಸ್ಫೇಟ್ ತೀರಿದ ಮೇಲೆ ದ್ವೀಪದಲ್ಲಿ ಬದುಕುವುದು ಕಷ್ಟ, ಕ್ವೀನ್ಸ್‌ಲ್ಯಾಂಡ್ ತೀರದ ಕರ್ಟಿಸ್ ದ್ವೀಪಕ್ಕೆ ಎಲ್ಲರೂ ಬಂದುಬಿಡಿ ಎಂದು ಆಸ್ಟ್ರೇಲಿಯ ಕರೆದಿತ್ತು. ಮನೆ, ಪೌರತ್ವ ಎಲ್ಲ ಕೊಡಲು ಸಿದ್ಧವಿತ್ತು. ಪ್ರತ್ಯೇಕ ದೇಶದ ಅಧಿಕಾರವನ್ನು ಮಾತ್ರ ಕೊಡಲು ಒಪ್ಪಲಿಲ್ಲ. ಮುಖ್ಯ ನಾಯಕ ಹ್ಯಾಮರ್ ಡಿರೋಬರ್ಟ್ ಮತ್ತು ಅವರ ಸಂಗಡಿಗರು 1964ರಲ್ಲಿ ಒಲ್ಲೆವೆಂದರು. ನೌರುವನ್ನು ಸಂಪತ್ತು ಉಡಾಯಿಸಿದ ದೇಶವೆಂದಷ್ಟೇ ಬಲ್ಲವರು ಈ ತೀರ್ಮಾನವನ್ನು ನೆನೆಯುವುದಿಲ್ಲ. ಹಣ, ಸೌಕರ್ಯಕ್ಕಿಂತ ತಾವು ಒಂದು ಜನಾಂಗವಾಗಿ ಉಳಿಯುವುದು ದೊಡ್ಡದೆಂದು ಕಂಡವರು ಅವರು.

ದೇಶದ ಬಾವುಟದಲ್ಲಿ ಕುಲಕ್ಕೊಂದರಂತೆ ಹನ್ನೆರಡು ಮೊನೆಯ ನಕ್ಷತ್ರವಿದೆ. ಎರಡು ಕುಲಗಳು ಅಳಿದುಹೋಗಿವೆ, ಮೊನೆಗಳು ಮಾತ್ರ ಉಳಿದಿವೆ.

1970ರಲ್ಲಿ ಗಣಿ ನೌರುವಿನ ಕೈಗೆ ಬಂತು. ಕೆಲವೇ ವರ್ಷಗಳಲ್ಲಿ ಅಲ್ಲಿನ ತಲಾದಾಯ ಜಗತ್ತಿನ ಶ್ರೀಮಂತ ದೇಶಗಳ ಸಾಲಿಗೇರಿತು. ಆಗ ಆದಾಯ ತೆರಿಗೆ ಇರಲಿಲ್ಲ, ಚಿಕಿತ್ಸೆ ಉಚಿತ, ಓದು ಉಚಿತ. ಮೆಲ್ಬರ್ನ್‌ನಲ್ಲಿ 1977ಕ್ಕೆ 52 ಅಂತಸ್ತಿನ ನೌರು ಹೌಸ್ ಎದ್ದಿತು, ಸ್ವಂತ ವಿಮಾನ ಸಂಸ್ಥೆ ಹಾರಾಡಿತು. ಮುಂದಿನ ಪೀಳಿಗೆಗಳಿಗೆಂದು ಕೂಡಿಟ್ಟ ನಿಧಿಯನ್ನು ಕೆಟ್ಟ ಹೂಡಿಕೆ, ಸಾಲ, ಮೋಸದ ಸಲಹೆಗಾರರು ನುಂಗಿದರು. 1993ರಲ್ಲಿ ಲಂಡನ್ನಿನಲ್ಲಿ ಲಿಯೊನಾರ್ಡೊ ಡ ವಿಂಚಿ ಕುರಿತ ಸಂಗೀತ ನಾಟಕಕ್ಕೂ ಹಣ ಹೋಯಿತು, ನಾಟಕ ಕೆಲವೇ ವಾರಗಳಲ್ಲಿ ನಿಂತಿತು. ನೌರು ಹೌಸ್ 2004ರಲ್ಲಿ ಮಾರಾಟವಾಯಿತು. ಇದಕ್ಕೆ ನೌರುವಿನ ನಾಯಕರು ಉತ್ತರದಾಯಿಗಳೇ. ಆದರೆ ಇಷ್ಟು ದೊಡ್ಡ ಮೊತ್ತವನ್ನು ನಿಭಾಯಿಸುವ ತರಬೇತಿಯನ್ನು ಅರ್ಧ ಶತಮಾನ ಆಳಿದ ಮೂರು ದೇಶಗಳು ಅವರಿಗೆ ಕೊಟ್ಟೇ ಇರಲಿಲ್ಲ.

ಆಡಳಿತವೂ ಎಡವಿತು. ಆಗ 18 ಸದಸ್ಯರಿದ್ದ ಸಂಸತ್ತಿನಲ್ಲಿ ಪಕ್ಷಗಳ ಕಟ್ಟು ಸಡಿಲ, ನೆಂಟಸ್ತನವೇ ಬಿಗಿ. ಒಬ್ಬಿಬ್ಬರು ಅತ್ತಿತ್ತ ಸರಿದರೆ ಸರ್ಕಾರ ಬೀಳುತ್ತಿತ್ತು. 2000ರ ಆಸುಪಾಸಿನಲ್ಲಿ ಅಧ್ಯಕ್ಷ ಪದವಿ ರೆನೆ ಹ್ಯಾರಿಸ್ ಮತ್ತು ಬರ್ನಾರ್ಡ್ ಡೋವಿಯೋಗೊ ನಡುವೆ ಮತ್ತೆ ಮತ್ತೆ ಕೈಬದಲಾಯಿತು. 2010ರಲ್ಲಿ ಎರಡು ಬಾರಿ ಚುನಾವಣೆ ನಡೆಸಿದರೂ ತಿಂಗಳುಗಟ್ಟಲೆ ಬಿಕ್ಕಟ್ಟು ಬಗೆಹರಿಯಲಿಲ್ಲ. ಈ ನಡುವೆ 2001ರಲ್ಲಿ, ಆಶ್ರಯ ಕೋರಿ ಆಸ್ಟ್ರೇಲಿಯಕ್ಕೆ ಹೊರಟವರನ್ನು ಇಟ್ಟುಕೊಳ್ಳುವ ಶಿಬಿರಕ್ಕೆ ನೌರು ಜಾಗ ಕೊಟ್ಟು ಹಣ ಪಡೆಯತೊಡಗಿತು.

ಅದೇ ನೌರು ಆಸ್ಟ್ರೇಲಿಯವನ್ನು ನ್ಯಾಯಾಲಯಕ್ಕೆ ಎಳೆದದ್ದೂ ಉಂಟು. 1967ರ ಜುಲೈಗೆ ಮೊದಲು ಅಗೆದ ನೆಲವನ್ನು ಸರಿಪಡಿಸುವ ಹೊಣೆ ಯಾರದ್ದು ಎಂದು ವಿಚಾರಿಸಲು ಶ್ರೀಲಂಕಾದ ನ್ಯಾಯಶಾಸ್ತ್ರಜ್ಞ ಕ್ರಿಸ್ಟೋಫರ್ ವೀರಮಂತ್ರಿ ಅವರ ನೇತೃತ್ವದಲ್ಲಿ ಆಯೋಗ ನೇಮಿಸಿತು. 1989ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. 1992ರಲ್ಲಿ ನ್ಯಾಯಾಲಯ ಆಸ್ಟ್ರೇಲಿಯದ ತಕರಾರುಗಳನ್ನು ಬಹುಪಾಲು ತಳ್ಳಿ ವಿಚಾರಣೆಗೆ ಒಪ್ಪಿತು. ಮರುವರ್ಷ ಆಸ್ಟ್ರೇಲಿಯ 10.7 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡುವುದೆಂದು ರಾಜಿಯಾಯಿತು. ಬ್ರಿಟನ್ ಮತ್ತು ನ್ಯೂಜಿಲೆಂಡ್ ತಮ್ಮ ಪಾಲು ಸೇರಿಸಿದವು. ಇಷ್ಟು ಚಿಕ್ಕ ದೇಶವೊಂದು ತನ್ನ ಹಳೆಯ ಆಳರಸರಿಂದ ನೆಲದ ಲೆಕ್ಕ ಕೇಳಿ ಪಡೆದದ್ದು ಪುಟ್ಟ ಗೆಲುವಲ್ಲ.

ನೆಲ ಮಾತ್ರ ಇನ್ನೂ ಸರಿಹೋಗಿಲ್ಲ. ಟಾಪ್‌ಸೈಡ್ ಎಂದು ಕರೆಯುವ ನಡುಬಯಲಿನಲ್ಲಿ ಫಾಸ್ಫೇಟ್ ತೆಗೆದ ಮೇಲೆ ಉಳಿದದ್ದು ಸಾಲುಸಾಲು ಸುಣ್ಣಕಲ್ಲಿನ ಕೊಂಬುಗಳು. ಈಗ ಸಮುದ್ರ ಏರುತ್ತಿರುವುದರಿಂದ ಕರಾವಳಿ ಪಟ್ಟಿಯ ಮನೆಗಳನ್ನು ಅಲ್ಲಿಗೇ ಸಾಗಿಸುವ ಯೋಜನೆಯನ್ನು ಸರ್ಕಾರ ಹಾಕಿಕೊಂಡಿದೆ. ಕೊಂಬುಗಳನ್ನು ಕಡಿದು ಸಮಮಾಡಬೇಕು, ಮಣ್ಣು ಕೂಡಿಸಬೇಕು, ನೀರು ತರಬೇಕು. ಒಂದೊಂದು ತುಂಡು ಭೂಮಿಯೂ ಪೀಳಿಗೆಯಿಂದ ಪೀಳಿಗೆಗೆ ಹಂಚಿಹೋಗಿ ಹಲವಾರು ಒಡೆಯರನ್ನು ಹೊಂದಿರುವುದರಿಂದ, ಮನೆ ಕಟ್ಟುವ ಮುಂಚೆ ಅವರಲ್ಲಿ ಬಹುಪಾಲು ಜನರ ಒಪ್ಪಿಗೆಯನ್ನು ಒಬ್ಬೊಬ್ಬರಿಂದ ಪಡೆಯಬೇಕು.